ಎಣ್ಣೆ ಒರೆಸಿದ ಕೋವಿ

ನಾರ್ವೆಗೆ ಸೇರಿದ ಧ್ರುವಪ್ರದೇಶದ ದ್ವೀಪಸಮೂಹ ಸ್ವಾಲ್ಬಾರ್ಡ್. ಅಲ್ಲಿನ ಲಾಂಗ್‌ಯರ್‌ಬ್ಯೆನ್ ಊರಿನ ಅಂಚಿನಲ್ಲಿ ಒಂದು ಫಲಕವಿದೆ. ಕೆಂಪು ಅಂಚಿನ ತ್ರಿಕೋನ, ಕಪ್ಪು ಹಿನ್ನೆಲೆ, ನಡುವೆ ಬಿಳಿ ಹಿಮಕರಡಿ. ಕೆಳಗೆ ‘ಇಡೀ ಸ್ವಾಲ್ಬಾರ್ಡ್‌ಗೆ ಅನ್ವಯ’ ಎಂಬರ್ಥದ ನಾರ್ವೇಜಿಯನ್ ಸಾಲು. ಉತ್ತರ ಅಕ್ಷಾಂಶ 78 ಡಿಗ್ರಿಯ ಈ ಊರನ್ನು ದಾಟಿ ಹೊರಟವರ ಬಳಿ ಕರಡಿಯನ್ನು ಬೆದರಿಸಿ ಓಡಿಸುವ ಸಾಧನ ಇರಲೇಬೇಕು, ಅದು ಕಾನೂನು. ಜೊತೆಗೆ ಕೋವಿಯೂ ಇರಲಿ ಎನ್ನುವುದು ಅಲ್ಲಿನ ಗವರ್ನರ್ ಕಚೇರಿಯ ಸಲಹೆ.

ಆದರೆ ಅಲ್ಲಿ ಕೋವಿ ಬೇಟೆಗಲ್ಲ. ಹಿಮಕರಡಿ 1973ರಿಂದ ರಕ್ಷಿತ ಪ್ರಾಣಿ. 2025ರ ಜನವರಿಯಿಂದ ಅದರಿಂದ 300 ಮೀಟರ್ ದೂರ ಇರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಎದುರಾದರೆ ಮೊದಲು ಹಿಂದೆ ಸರಿಯುವುದು, ಆಮೇಲೆ ಸಿಗ್ನಲ್ ಪಿಸ್ತೂಲು. ಅದರ ಪಟಾಕಿ ನಮಗೂ ಕರಡಿಗೂ ನಡುವೆ ಸಿಡಿಯಬೇಕು. ಕರಡಿಯ ಬೆನ್ನ ಹಿಂದೆ ಸಿಡಿದರೆ ಅದು ಓಡಿ ಬರುವುದು ನಮ್ಮ ಕಡೆಗೇ. ರೈಫಲ್ ಕೊನೆಯ ಆಸರೆ. ವರ್ಷಗಟ್ಟಲೆ ಸುಮ್ಮನೆ ಬೆನ್ನ ಮೇಲೆ ತಿರುಗಾಡಿ, ಬೇಕಾದ ದಿನ ಮೊದಲ ಸಲಕ್ಕೇ ಹಾರಬೇಕಾದ ವಸ್ತು ಅದು. ಆಯ್ಕೆ ಮಾಡುವಾಗ ಈ ಒಂದು ಮಾತು ನೆನಪಿದ್ದರೆ ಅರ್ಧ ಗೊಂದಲ ಕಳೆಯುತ್ತದೆ.

ಕೊಡಗು, ಮಲೆನಾಡಿನಿಂದ ಹೋದವರಿಗೆ ಇಲ್ಲಿ ಒಂದು ಅಭ್ಯಾಸ ಮರೆಯಬೇಕಾಗುತ್ತದೆ. ಆಷಾಢದ ಮಳೆಯಲ್ಲಿ ಜೋಡುನಳಿಗೆ ಕೋವಿ ಉಳಿಯುವುದೇ ಎಣ್ಣೆಯಿಂದ. ಒರೆಸು, ಎಣ್ಣೆ ಹಚ್ಚು, ಒಲೆಯ ಹತ್ತಿರ ಬೆಚ್ಚಗಿಡು. ಮೈನಸ್ 25 ಡಿಗ್ರಿಯಲ್ಲಿ ಈ ಮೂರರಲ್ಲಿ ಒರೆಸುವುದೊಂದೇ ಸರಿ, ಉಳಿದೆರಡೂ ಕೋವಿಯನ್ನು ಕೆಡಿಸುತ್ತವೆ.

ಬಾಡಿಗೆ ಅಂಗಡಿಯ ಮೇಜಿನ ಮೇಲೆ ನಾಲ್ಕಾರು ರೈಫಲ್ ಸಾಲಾಗಿಟ್ಟಿದ್ದರೆ (ಬಾಡಿಗೆಗೂ ಗವರ್ನರ್ ಕಚೇರಿಯ ಅನುಮತಿಯೋ ಸ್ವಂತ ಪರವಾನಗಿಯೋ ಬೇಕು) ಕಣ್ಣು ಮೊದಲು ದುರ್ಬೀನಿನ ಮೇಲೆ ಹೋಗುತ್ತದೆ. ಹೋಗಬೇಕಾದದ್ದು ಬೋಲ್ಟಿನ ಮೇಲೆ, ಅಂದರೆ ತೋಟಾವನ್ನು ನಳಿಗೆಯೊಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ಅಗುಳಿಯ ಮೇಲೆ. ಗುಂಡು ಹಾರಿದಾಗಿನ ಗ್ಯಾಸಿನ ಬಲದಿಂದ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ಬೇಡ. ಗ್ಯಾಸಿನ ಮಸಿ, ಎಣ್ಣೆ, ಚಳಿ ಮೂರೂ ಸೇರಿದರೆ ಒಳಗೆ ಅಂಟಿನಂಥ ಕೆಸರಾಗುತ್ತದೆ, ಬಿಡಿಭಾಗಗಳೂ ಹೆಚ್ಚು. ಕೈಯಿಂದ ಎಳೆದು ತಳ್ಳುವ ಬೋಲ್ಟಿಗೆ ನಮ್ಮ ತೋಳಿನ ಬಲ ಸಿಗುತ್ತದೆ. ಒಳಗೆ ಚೂರು ಮಂಜು ಕೂತಿದ್ದರೂ ಒದರಿ ಬಿಡಿಸಬಹುದು.

ಬೋಲ್ಟುಗಳಲ್ಲೂ ಎರಡು ಜಾತಿ. ಜರ್ಮನಿಯ ಹಳೆಯ ಸೈನಿಕ ರೈಫಲ್ ಮೌಸರ್ 98ರಲ್ಲಿ ಉದ್ದನೆಯ ಉಗುರಿನಂಥ ಎಕ್ಸ್‌ಟ್ರಾಕ್ಟರ್ (ತೋಟಾವನ್ನು ಹಿಡಿದು ಹೊರಗೆಳೆಯುವ ಕೊಕ್ಕೆ) ಇದೆ. ತೋಟಾ ಮ್ಯಾಗಝೀನಿನಿಂದ ಮೇಲೆದ್ದ ಕೂಡಲೇ ಅದರ ಅಂಚನ್ನು ಹಿಡಿದುಕೊಳ್ಳುತ್ತದೆ. ಗಾಬರಿಯಲ್ಲಿ ಬೋಲ್ಟನ್ನು ಅರ್ಧಕ್ಕೇ ಹಿಂದೆಳೆದು ಮತ್ತೆ ತಳ್ಳಿದರೂ ಎರಡು ತೋಟಾ ಒಂದರ ಬೆನ್ನಿಗೊಂದು ಸಿಕ್ಕಿಕೊಳ್ಳುವುದಿಲ್ಲ. ಇನ್ನೊಂದು ಜಾತಿ ತೋಟಾವನ್ನು ಬರಿದೆ ಮುಂದಕ್ಕೆ ತಳ್ಳಿ, ಬೋಲ್ಟ್ ಪೂರ್ತಿ ಮುಚ್ಚಿದಾಗ ಮಾತ್ರ ಹಿಡಿಯುತ್ತದೆ. ಅಭ್ಯಾಸ ಇದ್ದವರ ಕೈಯಲ್ಲಿ ಎರಡೂ ನಡೆಯುತ್ತವೆ. ಮರಗಟ್ಟಿದ ಕೈಗೆ ಮಾತ್ರ ಮೊದಲನೆಯದೇ ವಾಸಿ.

ಹಳೆಯದೆಂದು ಮೂಗು ಮುರಿಯಬೇಡಿ. ಎರಡನೇ ಮಹಾಯುದ್ಧ ಮುಗಿದಾಗ ಜರ್ಮನರು ನಾರ್ವೆಯಲ್ಲಿ ಬಿಟ್ಟುಹೋದ ಮೌಸರ್‌ಗಳು .30-06 ತೋಟಾಕ್ಕೆ ಮಾರ್ಪಾಡಾಗಿ ಸ್ವಾಲ್ಬಾರ್ಡ್‌ನಲ್ಲಿ ದಶಕಗಟ್ಟಲೆ ದುಡಿದಿವೆ. ಈಶಾನ್ಯ ಗ್ರೀನ್‌ಲ್ಯಾಂಡಿನಲ್ಲಿ ನಾಯಿಬಂಡಿ ಕಟ್ಟಿಕೊಂಡು ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆ ದಶಕಗಟ್ಟಲೆ ನಂಬಿಕೊಂಡಿದ್ದದ್ದು ಮೊದಲ ಮಹಾಯುದ್ಧ ಕಾಲದ ಎಂ1917 ರೈಫಲನ್ನು. ಕೆನಡಾದ ದೂರದ ಉತ್ತರವನ್ನು ಕಾಯುವ ಸೇನಾ ಪಡೆ ಕೆನಡಿಯನ್ ರೇಂಜರ್ಸ್ ಕೈಯಲ್ಲಿ 1947ರಿಂದ ಇದ್ದದ್ದು ನಮ್ಮ ಪೊಲೀಸರ .303ರ ಒಡಹುಟ್ಟು, ಲೀ-ಎನ್‌ಫೀಲ್ಡ್. ಅದರ ಜಾಗಕ್ಕೆ 2018ರ ಹೊತ್ತಿಗೆ ಬಂದ ಸಿ19ರ ಅಡಿಪಾಯ ಫಿನ್‌ಲ್ಯಾಂಡಿನ ಟಿಕ್ಕಾ: .308 ವಿಂಚೆಸ್ಟರ್ ತೋಟಾ, ಹತ್ತರ ಮ್ಯಾಗಝೀನು, ತುಕ್ಕು ಹಿಡಿಯದ ಉಕ್ಕಿನ ನಳಿಗೆ, ದೊಡ್ಡ ಬೋಲ್ಟ್ ಹಿಡಿ, ಗವಸಿನ ಬೆರಳು ತೂರುವಷ್ಟು ಅಗಲದ ಟ್ರಿಗರ್ ಗಾರ್ಡು. ಹೊಸದೂ ಬೋಲ್ಟ್ ಆಕ್ಷನ್ನೇ ಎಂಬುದನ್ನು ಗಮನಿಸಬೇಕು.

ಆ ಸಿ19ರ ಹಿಡಿಯ (ಭುಜಕ್ಕೆ ಒರಗಿಸುವ ಸ್ಟಾಕಿನ) ಮರ ಕೆಂಪು ಬಣ್ಣದ ಪದರುಪದರು ಅಂಟಿಸಿದ ಲ್ಯಾಮಿನೇಟ್. ಕೆಲವದರಲ್ಲಿ ಬಿರುಕು ಬಿಟ್ಟದ್ದು ಸುದ್ದಿಯಾಯಿತು. ತೇವವಿರುವ ಕಡೆ ತಯಾರಾದ ಮರ ಧ್ರುವದ ಒಣಗಾಳಿಗೆ ಹೋದರೆ ಕುಗ್ಗುತ್ತದೆ, ಉಕ್ಕು ಹಾಗೆ ಕುಗ್ಗುವುದಿಲ್ಲ. ಎರಡೂ ಬಿಗಿಯಾಗಿ ಕೂತಿರುವ ಕಡೆ ಒತ್ತಡ ಬೀಳುತ್ತದೆ. ಅಗ್ಗದ ಪ್ಲಾಸ್ಟಿಕ್ ಹಿಡಿ ಚಳಿಗೆ ಪೆಡಸಾಗಿ ಒಡೆಯುತ್ತದೆ. ಫೈಬರ್‌ಗ್ಲಾಸ್ ಒಳ್ಳೆಯದು. ಯಾವುದೇ ಇರಲಿ, ಬೋಲ್ಟ್ ಹಿಡಿಗೂ ಕೆನ್ನೆ ತಾಗುವ ಲೋಹಕ್ಕೂ ಬಟ್ಟೆಯ ಟೇಪು ಸುತ್ತಬೇಕು. ಮೈನಸ್ 30ರಲ್ಲಿ ಬರಿ ಚರ್ಮ ಉಕ್ಕಿಗೆ ಅಂಟಿಕೊಂಡರೆ ಬಿಡಿಸುವಾಗ ಚರ್ಮವೇ ಅಲ್ಲಿ ಉಳಿಯುತ್ತದೆ.

ತೋಟಾದ ವಿಷಯ ಚಿಕ್ಕದು. .308 ಅಥವಾ .30-06, ಅದಕ್ಕಿಂತ ಕಡಿಮೆಯದು ಬೇಡ. ಗುಂಡು ಭಾರವಾದದ್ದು, ಸುಮಾರು 11.7 ಗ್ರಾಂ, ಒಳಹೊಕ್ಕು ಅರಳುವ ಮೆದುಮೂತಿಯದು. ಚಳಿಯಲ್ಲಿ ಮದ್ದು ನಿಧಾನವಾಗಿ ಉರಿಯುತ್ತದೆ. +20ರಲ್ಲಿ ಸೆಕೆಂಡಿಗೆ 820 ಮೀಟರ್ ಹೋಗುವ ಗುಂಡು ಮೈನಸ್ 30ರಲ್ಲಿ ಇಪ್ಪತ್ತು ಮೂವತ್ತು ಮೀಟರ್ ಕಡಿಮೆ ಹೋಗಬಹುದು. ಮುನ್ನೂರು ಮೀಟರಿನ ಗುರಿಗೆ ಅದು ಕೆಲವು ಸೆಂಟಿಮೀಟರ್ ವ್ಯತ್ಯಾಸ, ಮೂವತ್ತು ಮೀಟರಿನ ಕರಡಿಗೆ ಏನೂ ಅಲ್ಲ. ಆ ದೂರಕ್ಕೆ ದುರ್ಬೀನೂ ಬೇಡ. ಉಸಿರು ತಾಗಿದರೆ ಸಾಕು, ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಗಟ್ಟಿಯಾದ ಕಬ್ಬಿಣದ ಸೈಟ್ ಸಾಕು.

ಇನ್ನು ಎಣ್ಣೆ ತೆಗೆಯುವ ಕೆಲಸ. ಕುದುರೆಯ ಮುಂದೆ ಹುಲ್ಲಿಟ್ಟಷ್ಟು ಸುಲಭದ ಕೆಲಸವೆಂದು ಯಾರೂ ತಪ್ಪಿಸಬಾರದು, ಚಳಿಯಲ್ಲಿ ಹಾರದ ಕೋವಿಗಳಲ್ಲಿ ಬಹಳಷ್ಟರ ರೋಗ ಇಲ್ಲೇ. ಬೋಲ್ಟಿನ ಒಳಗೆ ಫೈರಿಂಗ್ ಪಿನ್ನು, ಅದರ ಸುತ್ತ ಸ್ಪ್ರಿಂಗು. ಟ್ರಿಗರ್ ಎಳೆದಾಗ ಸ್ಪ್ರಿಂಗು ಪಿನ್ನನ್ನು ದಬ್ಬಿ ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪಿಗೆ ಹೊಡೆಸುತ್ತದೆ. ನಡುವೆ ಹಳೆಯ ಗ್ರೀಸು ಹೆಪ್ಪುಗಟ್ಟಿದ್ದರೆ ಪಿನ್ನು ಹೋಗುತ್ತದೆ, ಆದರೆ ಮಂದವಾಗಿ. ಕೇಪಿನ ಮೇಲೆ ಸಣ್ಣ ಗುಳಿ ಬೀಳುತ್ತದೆ, ತೋಟಾ ಹಾರುವುದಿಲ್ಲ. 1941ರ ಚಳಿಗಾಲದಲ್ಲಿ ರಷ್ಯಾದೊಳಗೆ ನುಗ್ಗಿದ್ದ ಜರ್ಮನ್ ಸೈನ್ಯವನ್ನು ಕಾಡಿದ್ದೂ ಇಂಥದೇ ಹೆಪ್ಪುಗಟ್ಟಿದ ಎಣ್ಣೆ.

ಮೌಸರಾದರೆ ಬಿಚ್ಚಲು ಉಪಕರಣ ಬೇಡ. ಕೋವಿ ಖಾಲಿ ಇದೆಯೆಂದು ನೋಡಿ, ಬೋಲ್ಟನ್ನು ಕಾಕ್ ಮಾಡಿ (ಸ್ಪ್ರಿಂಗು ಬಿಗಿಯಾಗುವಂತೆ ಎಳೆದು ಮುಚ್ಚಿ), ಸೇಫ್ಟಿಯ ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿ ಬೋಲ್ಟ್ ಹೊರಗೆಳೆಯುವುದು. ಪಕ್ಕದ ಸಣ್ಣ ಗುಂಡಿ ಒತ್ತಿ ಹಿಂಭಾಗವನ್ನು ತಿರುಗಿಸುತ್ತ ಹೋದರೆ ಪಿನ್ನು, ಸ್ಪ್ರಿಂಗು ಒಟ್ಟಿಗೇ ಹೊರಬರುತ್ತವೆ. ಬೋಲ್ಟಿನ ಕೊಳವೆ, ಪಿನ್ನು, ಸ್ಪ್ರಿಂಗು, ಟ್ರಿಗರ್ ಎಲ್ಲವನ್ನೂ ವೈಟ್ ಪೆಟ್ರೋಲಿನಲ್ಲಿ ತೊಳೆದು (ಬಾಗಿಲು ತೆರೆದಿರಲಿ, ಬೆಂಕಿ ದೂರವಿರಲಿ) ಪೂರ್ತಿ ಒಣಗಿಸಬೇಕು. ಆಮೇಲೆ ಏನೂ ಹಚ್ಚದಿದ್ದರೆ ಉತ್ತಮ. ಹಚ್ಚಲೇಬೇಕೆಂದರೆ ಬೋಲ್ಟಿನ ಲಗ್ಗುಗಳಿಗೆ (ಮುಚ್ಚಿದಾಗ ಬೋಲ್ಟನ್ನು ಬಿಗಿಹಿಡಿಯುವ ಉಬ್ಬುಗಳಿಗೆ) ಚಿಟಿಕೆ ಗ್ರಾಫೈಟ್ ಪುಡಿ. ‘ಚಳಿಗೆಂದೇ ಮಾಡಿದ’ ಎಣ್ಣೆಯನ್ನೂ ಬಟ್ಟೆಗೆ ತಾಗಿಸಿ ಒರೆಸಿದಷ್ಟೇ ಸಾಕು. ಬೆರಳಿಗೆ ಜಿಡ್ಡು ಹತ್ತಿದರೆ ಹೆಚ್ಚಾಯಿತೆಂದು ಲೆಕ್ಕ. ತೋಟಾಗಳಿಗಂತೂ ಎಣ್ಣೆ ತಾಗಲೇಬಾರದು, ಕೇಪಿನ ಸಂದಿಯಲ್ಲಿ ಇಳಿದು ಮದ್ದನ್ನು ಹಾಳುಮಾಡುತ್ತದೆ.

ಪರೀಕ್ಷೆ ಸುಲಭ. ಖಾಲಿ ಕೋವಿಯನ್ನು ಒಂದು ರಾತ್ರಿ ಹೊರಗಿನ ಶೆಡ್ಡಿನಲ್ಲಿ ಬೀಗ ಹಾಕಿಟ್ಟು, ಬೆಳಿಗ್ಗೆ ದಪ್ಪ ಗವಸು ಹಾಕಿದ ಕೈಯಲ್ಲೇ ಬೋಲ್ಟ್ ಎಳೆದು ಟ್ರಿಗರ್ ಒತ್ತುವುದು. ಕೇಳಬೇಕಾದದ್ದು ಚುರುಕಾದ ‘ಟಕ್’. ‘ಡಬ್’ ಎಂದು ಮಂದವಾಗಿ ಕೇಳಿದರೆ ಮತ್ತೆ ತೊಳೆಯಬೇಕು. ಸೇಫ್ಟಿ ಗವಸಿನ ಹೆಬ್ಬೆರಳಿಗೆ ಸಿಗದಿದ್ದರೆ, ಬೆರಳು ಗಾರ್ಡಿನೊಳಗೆ ಹೋಗದಿದ್ದರೆ, ಅಥವಾ ಗವಸು ತಾಗಿದ ಮಾತ್ರಕ್ಕೇ ಟ್ರಿಗರ್ ಬೀಳುವಷ್ಟು ಹಗುರವಿದ್ದರೆ ಆ ಕೋವಿಯನ್ನು ವಾಪಸ್ ಕೊಡುವುದೇ ಸರಿ. ಎಳೆತ ಒಂದೂವರೆ ಎರಡು ಕಿಲೋ ಇದ್ದರೆ ಹಿತ. ಆಮೇಲೆ ಗುರಿ ಅಭ್ಯಾಸದ ಮೈದಾನದಲ್ಲಿ ಮೂವತ್ತು ಮೀಟರಿಗೆ, ಗವಸು ಹಾಕಿಕೊಂಡೇ, ನಾಲ್ಕು ಗುಂಡು.

2023ರ ಡಿಸೆಂಬರಿನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಇದೇ ದ್ವೀಪಸಮೂಹದ ನ್ಯೂ-ಓಲೆಸುಂಡ್‌ನಲ್ಲಿರುವ ಹಿಮಾದ್ರಿ ಸಂಶೋಧನಾ ಕೇಂದ್ರಕ್ಕೆ ಹೊರಟಾಗ ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಆ ಊರಿನಲ್ಲೂ ಹೊರಗೆ ಕಾಲಿಡುವ ಸಂಶೋಧಕರಿಗೆ ರೈಫಲ್ ತರಬೇತಿ ಕೊಡುತ್ತಾರೆ. ತೋಟದ ಕೋವಿಯನ್ನೂ ಮುಟ್ಟದವರು ಅಲ್ಲಿ ಬೋಲ್ಟ್ ಎಳೆಯಲು ಕಲಿಯುತ್ತಾರೆ.

ಸ್ನೋಮೊಬೈಲ್ ಹೊರಟ ಮೇಲೆ ಕೋವಿ ‘ಅರ್ಧ ತುಂಬಿದ’ ಸ್ಥಿತಿಯಲ್ಲಿರಬೇಕು. ಮ್ಯಾಗಝೀನಿನಲ್ಲಿ ತೋಟಾ, ನಳಿಗೆ ಖಾಲಿ, ಬೋಲ್ಟ್ ಮುಚ್ಚಿ ಸ್ಪ್ರಿಂಗು ಸಡಿಲ. ಆ ಕುಲುಕಾಟದಲ್ಲಿ ಹಿಟ್ಟಿನಂಥ ಹಿಮ ಎಲ್ಲ ಸಂದಿಗೂ ನುಗ್ಗುತ್ತದೆ. ನಳಿಗೆಯ ಬಾಯಿಗೆ ಒಂದೇ ಪದರ ಇನ್ಸುಲೇಶನ್ ಟೇಪು ಅಂಟಿಸಿಬಿಡಬೇಕು. ಹಾರಿಸುವಾಗ ಕೀಳಬೇಕಿಲ್ಲ, ಗುಂಡಿನ ಮುಂದಿನ ಗಾಳಿಯೇ ಅದನ್ನು ಹರಿಯುತ್ತದೆ. ಟೇಪಿಲ್ಲದ ನಳಿಗೆಯೊಳಗೆ ಹಿಮ ಗಟ್ಟಿಯಾಗಿ ಕೂತಿದ್ದು ಹಾರಿಸಿದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು.

ಸಂಜೆ ಗುಡಿಸಲು ಸೇರಿದಾಗ ಎಲ್ಲರೂ ಮಾಡುವ ತಪ್ಪು ಕೋವಿಯನ್ನು ಒಲೆಯ ಪಕ್ಕ ಒರಗಿಸುವುದು. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಲೋಟದ ಹಾಗೆ ಅದು ಕ್ಷಣದಲ್ಲೇ ಬೆವರುತ್ತದೆ, ಬೋಲ್ಟಿನ ಒಳಗೂ. ಆ ನೀರು ಬೆಳಿಗ್ಗೆ ಹೊರಗೆ ಹೋದ ಹತ್ತು ನಿಮಿಷಕ್ಕೆ ಮಂಜುಗಡ್ಡೆ. ಹಾಗಾಗಿ ಕೋವಿಯೂ ತೋಟಾವೂ ರಾತ್ರಿ ಕಾಯಿಸದ ಹೊರಕೋಣೆಯಲ್ಲೇ ಇರಲಿ, ಕೈಗೆ ಸಿಗುವ ಹಾಗೆ. ಒಳಗೆ ತರಲೇಬೇಕಾದರೆ ಚೀಲದ ಬಾಯಿ ಕಟ್ಟಿ ತಂದು, ಲೋಹ ಕೋಣೆಯಷ್ಟೇ ಬೆಚ್ಚಗಾಗುವ ತನಕ ಬಿಚ್ಚಬಾರದು, ಕೆಲವು ಗಂಟೆಯೇ ಹಿಡಿಯುತ್ತದೆ. ಆಮೇಲೆ ಬೋಲ್ಟ್ ಬಿಚ್ಚಿ ಒಣಬಟ್ಟೆಯಿಂದ ಒರೆಸುವುದು.

ಊರಿಗೆ ಮರಳುವಾಗ ಮೊದಲ ಮನೆಗಿಂತ ಮುಂಚೆಯೇ ಮ್ಯಾಗಝೀನು ಖಾಲಿ ಮಾಡಬೇಕು. ಲಾಂಗ್‌ಯರ್‌ಬ್ಯೆನ್‌ನೊಳಗೆ ಕೋವಿ ಖಾಲಿ ಇರುವುದು ನೋಡಿದವರಿಗೆ ಕಾಣುವಂತಿರಬೇಕು, ಬೋಲ್ಟ್ ತೆಗೆದಿದ್ದರೆ ಇನ್ನೂ ಒಳ್ಳೆಯದು. ಅಂಗಡಿಗೆ ಒಪ್ಪಿಸುವ ಮುನ್ನ ಅದು ಬೆಚ್ಚಗಿನ ಕೋಣೆಯಲ್ಲಿ ಬೆವರಿ, ಒಣಗಿ, ಒರೆಸಿಕೊಂಡಾದ ಮೇಲೆ ನಳಿಗೆಗೂ ಬೋಲ್ಟಿಗೂ ತೆಳ್ಳಗೆ ಎಣ್ಣೆ ಹಚ್ಚಬಹುದು, ನಮ್ಮ ಕಡೆ ಹಚ್ಚುವ ಹಾಗೆಯೇ.