ಸಮುದ್ರದ ಮಧ್ಯೆ ಚಂಡಮಾರುತ ಬಂದ್ರೆ ಎಂತ ಮಾಡ್ತೀರಿ?

ಓಡಿಹೋಗುತ್ತೇವೆ. ಇಷ್ಟೇ ನನ್ನ ಉತ್ತರ. ಕೇಳಿದವರ ಮುಖ ಸ್ವಲ್ಪ ಸಪ್ಪೆಯಾಗುತ್ತದೆ. ಆಳೆತ್ತರದ ಅಲೆ, ಕ್ಯಾಪ್ಟನ್‌ನ ಧೈರ್ಯ, ಹಗ್ಗ ಹಿಡಿದು ನೇತಾಡುವ ನಾನು, ಇಂಥದ್ದೇನೋ ಕೇಳಬೇಕು ಅಂತ ಅವರಿಗೆ ಆಸೆ ಇರುತ್ತದೆ.

ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡಿ ತೀರ್ಥಹಳ್ಳಿಗೆ ವಾಪಸ್ ಬಂದವನನ್ನು ಜನ ಮೊದಲು ಕೇಳುವುದು ಸಂಬಳ. ಆಮೇಲೆ ಇದು. ಮದುವೆಮನೆ ಪಂಕ್ತಿಯಲ್ಲಿ ಕೇಳುತ್ತಾರೆ, ಅಡಿಕೆ ಮಂಡಿಯಲ್ಲಿ ಕೇಳುತ್ತಾರೆ, ಶಿವಮೊಗ್ಗ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ನಮ್ಮ ದೊಡ್ಡಮ್ಮ ಕೇಳುವ ರೀತಿ ಮಾತ್ರ ಬೇರೆ. "ಅಲ್ಲ ಮಾರಾಯ, ಇಲ್ಲಿ ಒಂದು ಗಾಳಿಮಳೆ ಬಂದ್ರೆ ಮೂರು ದಿನ ಕರೆಂಟಿಲ್ಲ. ತೋಟದಲ್ಲಿ ಮರ ಮುರಿದು ಬೀಳ್ತವೆ. ನೀವು ಆ ನೀರಿನ ಮಧ್ಯೆ ಎಂತ ಹಿಡ್ಕಂಡು ಕೂರ್ತೀರಾ?"

ದೊಡ್ಡಮ್ಮನ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಅಡಿಕೆ ಮರ ಜಾಗ ಬಿಟ್ಟು ಹೋಗುವುದಿಲ್ಲ. ಮನೆಯೂ ಹೋಗುವುದಿಲ್ಲ. ಹಡಗು ಹೋಗುತ್ತದೆ.

ಲೆಕ್ಕ ನೋಡಿ. ಕೆರಿಬಿಯನ್ ಕಡೆ ಹರಿಕೇನ್ ಅನ್ನುವ ಚಂಡಮಾರುತದ ಒಳಗೆ ಗಾಳಿ ಗಂಟೆಗೆ 119 ಕಿಲೋಮೀಟರಿಗಿಂತ ಜಾಸ್ತಿ. ಐದನೇ ದರ್ಜೆಯದಾದರೆ 252 ದಾಟುತ್ತದೆ. ಆದರೆ ಅದು ಒಳಗೆ ಸುತ್ತುವ ವೇಗ. ಇಡೀ ಚಂಡಮಾರುತ ಮುಂದಕ್ಕೆ ಸಾಗುವುದು ಆ ಕಡೆಯ ಸಮುದ್ರದಲ್ಲಿ ಸಾಮಾನ್ಯವಾಗಿ ಗಂಟೆಗೆ 15ರಿಂದ 25 ಕಿಲೋಮೀಟರ್. ದೊಡ್ಡ ಕ್ರೂಸ್ ಹಡಗು 20ರಿಂದ 22 ನಾಟ್ ಓಡುತ್ತದೆ, ಅಂದರೆ ಗಂಟೆಗೆ ಹತ್ತಿರ ಹತ್ತಿರ 40 ಕಿಲೋಮೀಟರ್. ಒಂದು ದಿನ ಓಡಿದರೆ 900 ಕಿಲೋಮೀಟರ್ ಆಚೆ. ಚಂಡಮಾರುತ ಅಷ್ಟರಲ್ಲಿ 360ರಿಂದ 600 ಕಿಲೋಮೀಟರ್ ಮಾತ್ರ ಬಂದಿರುತ್ತದೆ. ಉತ್ತರಕ್ಕೆ ತಿರುಗಿಕೊಂಡ ಮೇಲೆ ಮಾತ್ರ ಅದರ ವೇಗ ಒಮ್ಮೆಲೇ ಏರುತ್ತದೆ. ಆಗ ಅದರ ಮುಂದೆ ಓಡುವುದು ಬುದ್ಧಿವಂತರ ಕೆಲಸ ಅಲ್ಲ, ಅದರ ಹಿಂದುಗಡೆ ಉಳಿಯಬೇಕು.

ಇದೆಲ್ಲ ತೀರ್ಮಾನ ಆಗುವುದು ಪ್ರಯಾಣಿಕರು ಇನ್ನೂ ಬಿಸಿಲು ಕಾಯಿಸಿಕೊಂಡು ಈಜುಕೊಳದ ಪಕ್ಕ ಮಲಗಿರುವಾಗ. ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ ಅದರ ಹಾವಳಿ ಜಾಸ್ತಿ. ಮಯಾಮಿಯಲ್ಲಿರುವ ನ್ಯಾಷನಲ್ ಹರಿಕೇನ್ ಸೆಂಟರ್ ಆರಾರು ಗಂಟೆಗೊಮ್ಮೆ ಮುನ್ಸೂಚನೆ ಕೊಡುತ್ತದೆ. ಮುನ್ಸೂಚನೆ ತಪ್ಪಬಹುದು ಅನ್ನುವುದು ನಾವಿಕರಿಗೆ ಗೊತ್ತು. ಅದಕ್ಕೇ ಅವರ ಹತ್ತಿರ ಒಂದು ಹಳೇ ಲೆಕ್ಕ ಇದೆ: ಒಂದು ದಿನದ ಮುನ್ಸೂಚನೆಯಾದರೆ 100 ನಾಟಿಕಲ್ ಮೈಲಿ (ಸಮುದ್ರದ ಮೈಲಿ, ಒಂದಕ್ಕೆ ಸುಮಾರು 1.85 ಕಿಲೋಮೀಟರ್), ಎರಡು ದಿನದ್ದಾದರೆ 200, ಮೂರು ದಿನದ್ದಾದರೆ 300 ಮೈಲಿ ಆಚೀಚೆ ಆಗಬಹುದು. ಜೋರು ಗಾಳಿ ಎಲ್ಲಿವರೆಗೆ ಹರಡಿದೆಯೋ ಅದರ ಮೇಲೆ ಇಷ್ಟು ಸೇರಿಸಿ ನಕ್ಷೆಯಲ್ಲಿ ಸುತ್ತು ಹಾಕುತ್ತಾರೆ. ಹಡಗು ಆ ಸುತ್ತಿನೊಳಗೆ ಕಾಲಿಡುವುದಿಲ್ಲ. ಭೂಮಧ್ಯರೇಖೆಯ ಉತ್ತರದಲ್ಲಿ ಚಂಡಮಾರುತ ಸಾಗುವ ದಿಕ್ಕಿಗೆ ಬಲಗಡೆ ಇರುವ ಭಾಗ ಇನ್ನೂ ಕೆಟ್ಟದ್ದು. ಸುತ್ತುವ ಗಾಳಿಗೆ ಮುಂದೆ ಸಾಗುವ ವೇಗವೂ ಅಲ್ಲಿ ಸೇರಿಕೊಳ್ಳುತ್ತದೆ.

ಹಾಗಾಗಿ ಬೆಳಿಗ್ಗೆ ಸ್ಪೀಕರಿನಲ್ಲಿ ಕ್ಯಾಪ್ಟನ್ ಮಾತಾಡುತ್ತಾನೆ. ನಾಳೆ ಸೇಂಟ್ ಥಾಮಸ್ ದ್ವೀಪ ಇಲ್ಲ, ಬದಲಿಗೆ ಪಶ್ಚಿಮಕ್ಕೆ ಹೋಗಿ ಮೆಕ್ಸಿಕೊದ ಕೊಜುಮೆಲ್. ಮುಗಿಯಿತು. ಚಂಡಮಾರುತ ಅಂದರೆ ಹೆಚ್ಚಿನ ಪ್ರಯಾಣಿಕರ ಪಾಲಿಗೆ ಇಷ್ಟೇ, ಊರು ಬದಲಾಗುವುದು. ರಿಸೆಪ್ಷನ್ ಮುಂದೆ ಅರ್ಧ ಗಂಟೆಯಲ್ಲಿ ದೊಡ್ಡ ಸಾಲು. ದುಡ್ಡು ವಾಪಸ್ ಕೊಡಿ ಅಂತ ಗಲಾಟೆ. ಟಿಕೆಟ್ಟಿನ ಕರಾರಿನಲ್ಲಿ ಹಡಗಿನ ದಾರಿ ಬದಲಿಸುವ ಹಕ್ಕು ಕಂಪನಿಗೇ ಇರುತ್ತದೆ. ತಪ್ಪಿದ ಬಂದರಿನ ತೆರಿಗೆ ಬಿಟ್ಟರೆ ಸಾಮಾನ್ಯವಾಗಿ ಬೇರೇನೂ ಸಿಗುವುದಿಲ್ಲ. ಆ ಸಾಲಿನ ಮುಂದೆ ನಗುತ್ತಾ ನಿಂತ ಹುಡುಗಿಯರನ್ನು ನೋಡಿದಾಗ, ಅಡುಗೆಮನೆ ಕೆಲಸವೇ ವಾಸಿ ಅಂತ ನನಗೆ ಯಾವಾಗಲೂ ಅನಿಸುತ್ತಿತ್ತು.

ಬೈದಾಡುವವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ನಮ್ಮ ಜೊತೆ ಕೆಲಸ ಮಾಡುವವರಲ್ಲಿ ಆ ದ್ವೀಪಗಳ ಹುಡುಗರೂ ಇರುತ್ತಾರೆ. ಹಡಗು ಬಿಸಿಲಿರುವ ಕಡೆ ತಿರುಗಿಕೊಂಡು ಹೋಗುತ್ತದೆ, ಅವರ ಮನೆ ಮಾತ್ರ ಚಂಡಮಾರುತದ ದಾರಿಯಲ್ಲೇ ಉಳಿಯುತ್ತದೆ. ಪಾತ್ರೆ ತೊಳೆಯುತ್ತಲೇ ಐದು ನಿಮಿಷಕ್ಕೊಮ್ಮೆ ಫೋನ್ ನೋಡುತ್ತಾರೆ. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಚಂಡಮಾರುತ ಡೊಮಿನಿಕಾ, ಪೋರ್ಟೊ ರಿಕೊಗಳನ್ನು ಹಾಳುಗೆಡವಿದಾಗ 'ಅಡ್ವೆಂಚರ್ ಆಫ್ ದಿ ಸೀಸ್' ಅನ್ನುವ ಕ್ರೂಸ್ ಹಡಗು ತನ್ನ ಪ್ರವಾಸ ರದ್ದು ಮಾಡಿ, ಪೋರ್ಟೊ ರಿಕೊ ಮತ್ತು ಅದರ ಹತ್ತಿರದ ದ್ವೀಪಗಳಿಂದ 3,800ರಷ್ಟು ಜನರನ್ನು ಫ್ಲಾರಿಡಾಕ್ಕೆ ಕರೆತಂದಿತು. ಕ್ರೂಸ್ ಕಂಪನಿಗಳ ಬಗ್ಗೆ ನನಗೆ ಅಂಥ ಪ್ರೀತಿಯೇನೂ ಇಲ್ಲ. ಆ ಕೆಲಸ ಮಾತ್ರ ಒಳ್ಳೆಯದು.

ಇಷ್ಟು ಹೇಳಿದ ಮೇಲೆ ಕೇಳುವವರು ಬಿಡುವುದಿಲ್ಲ. "ಹಂಗಾರೆ ಬಂದರಿನಲ್ಲೇ ಕಟ್ಟಿ ಹಾಕಿದ್ರೆ ಆಗಲ್ವಾ?" ಆಗಲ್ಲ. ಕಟ್ಟಿ ಹಾಕಿದ ಹಡಗನ್ನು ಗಾಳಿ ಎತ್ತಿ ಎತ್ತಿ ದಕ್ಕೆಯ ಕಾಂಕ್ರೀಟಿಗೆ ಬಡಿಯುತ್ತದೆ. ಅಮೆರಿಕದ ಬಂದರುಗಳಲ್ಲಿ ಕೋಸ್ಟ್ ಗಾರ್ಡ್‌ನವರು ವಿಸ್ಕಿ, ಎಕ್ಸ್‌ರೇ, ಯಾಂಕೀ, ಝುಲು ಅಂತ ನಾಲ್ಕು ಹಂತ ಇಟ್ಟಿದ್ದಾರೆ. ಜೋರು ಗಾಳಿ ಬರಲು 72 ಗಂಟೆ ಇದ್ದಾಗ ವಿಸ್ಕಿ, 12 ಗಂಟೆ ಇದ್ದಾಗ ಝುಲು. ಝುಲು ಬಂದರೆ ಬಂದರು ಬಂದ್. ದೊಡ್ಡ ಹಡಗುಗಳನ್ನು ಅದಕ್ಕೂ ಮೊದಲೇ ಹೊರಗೆ ಕಳಿಸಿರುತ್ತಾರೆ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತದಿಂದ ಟೆಕ್ಸಸ್‌ನ ಗಾಲ್ವೆಸ್ಟನ್ ಬಂದರು ಮುಚ್ಚಿದಾಗ ಅಲ್ಲಿಗೆ ವಾಪಸಾಗಬೇಕಿದ್ದ ಹಡಗುಗಳು ದಿನಗಟ್ಟಲೆ ಹೊರಗೇ ಉಳಿದವು. ಕೆಲವು ನ್ಯೂ ಆರ್ಲಿಯನ್ಸ್‌ಗೆ ಹೋಗಿ ಊಟ, ಇಂಧನ ತುಂಬಿಕೊಂಡವು. ರಜಾ ಮುಗಿದಿದ್ದರೂ ಪ್ರಯಾಣಿಕರಿಗೆ ರಜಾ ಮುಗಿಯಲಿಲ್ಲ.

ಚಂಡಮಾರುತದಿಂದ ದೂರ ಹೋದರೂ ಅದರ ಅಲೆ ಬಿಡುವುದಿಲ್ಲ. ನೂರಾರು ಕಿಲೋಮೀಟರ್ ಆಚೆಯೂ ಸ್ವೆಲ್ ಅನ್ನುವ ಉದ್ದುದ್ದದ ಅಲೆ ಬರುತ್ತದೆ. ಆಕಾಶ ನೀಲಿ, ಗಾಳಿ ಇಲ್ಲ, ಹಡಗು ಮಾತ್ರ ಓಲಾಡುತ್ತಿರುತ್ತದೆ. ನಾನು ಕಂಡಿದ್ದು ಇದನ್ನೇ ಜಾಸ್ತಿ.

ಬ್ರಿಜ್‌ನಿಂದ, ಅಂದರೆ ಕ್ಯಾಪ್ಟನ್ ಹಡಗು ನಡೆಸುವ ಕೋಣೆಯಿಂದ, ಸುದ್ದಿ ಬಂದ ಕೂಡಲೇ ಅಡುಗೆಮನೆಯಲ್ಲಿ ಮೊದಲ ಕೆಲಸ ಡೀಪ್ ಫ್ರೈಯರ್ ಆರಿಸುವುದು. ಕಾದ ಎಣ್ಣೆ ತುಳುಕಿದರೆ ಚಂಡಮಾರುತಕ್ಕಿಂತ ದೊಡ್ಡ ಅಪಾಯ ಅದು. ಹಡಗಿನಲ್ಲಿ ಎಲ್ಲರೂ ಹೆದರುವುದು ನೀರಿಗಲ್ಲ, ಬೆಂಕಿಗೆ. ಆಮೇಲೆ ಚಾಕುಗಳು ಡ್ರಾಯರಿಗೆ, ಡ್ರಾಯರಿಗೆ ಬೀಗ. ಟ್ರಾಲಿಗಳನ್ನು ಗೋಡೆಗೆ ಬೆಲ್ಟ್ ಹಾಕಿ ಬಿಗಿಯುತ್ತೇವೆ. ಒಲೆಯ ಮೇಲೆ ಪಾತ್ರೆ ಜಾರದಂತೆ ಅಡ್ಡಪಟ್ಟಿ ಸಿಕ್ಕಿಸುತ್ತೇವೆ. ದೊಡ್ಡ ಪಾತ್ರೆಯಲ್ಲಿ ಸೂಪ್ ಅರ್ಧಕ್ಕಿಂತ ಮೇಲೆ ಇರಬಾರದು. ತಟ್ಟೆಗಳ ಕೆಳಗೆ ಒದ್ದೆ ಬಟ್ಟೆ ಹಾಸುತ್ತೇವೆ. ಒದ್ದೆ ಬಟ್ಟೆ ಮೇಲೆ ಪಿಂಗಾಣಿ ಜಾರುವುದಿಲ್ಲ, ಸುಮ್ನೆ ನಿಲ್ಲುತ್ತದೆ.

ನಮ್ಮ ಒಲೆಯ ಮೇಲುಗಡೆ ಒಂದು ಸ್ಟೀಲ್ ಸರಳು ಇತ್ತು. ಅದಕ್ಕೆ ಸೌಟುಗಳನ್ನು ಸಾಲಾಗಿ ನೇತುಹಾಕಿರುತ್ತಿದ್ದೆವು. ಸ್ವೆಲ್ ಹೆಚ್ಚಾದಾಗ ಅಷ್ಟೂ ಸೌಟು ಒಟ್ಟಿಗೆ ಒಂದು ಕಡೆ ವಾಲುತ್ತಿದ್ದವು. ಒಂದು ಕ್ಷಣ ಹಾಗೇ ನಿಂತು, ಆಮೇಲೆ ಒಟ್ಟಿಗೆ ಈ ಕಡೆ. ಪಾತ್ರೆ ಓರೆಯಾದರೂ ಒಳಗಿನ ಸೂಪ್ ಮಟ್ಟವಾಗಿಯೇ ಇರುತ್ತದೆ, ಹಾಗಾಗಿ ಒಂದು ಅಂಚಿನಲ್ಲಿ ತುಳುಕುವಷ್ಟು, ಇನ್ನೊಂದು ಅಂಚಿನಲ್ಲಿ ತಳ ಕಾಣುವಷ್ಟು. ಗೋವಾದ ಒಬ್ಬ ಹಿರಿಯ ಅಡುಗೆಯವರು ಸೌಟು ನೋಡಿಯೇ ಇವತ್ತು ಎಷ್ಟು ಜನ ಊಟಕ್ಕೆ ಬರುತ್ತಾರೆ ಅಂತ ಹೇಳುತ್ತಿದ್ದರು. ಸೌಟು ಸೌಟಿಗೆ ತಾಗಿ ಸದ್ದು ಮಾಡಿದರೆ ಅರ್ಧ ಅಡುಗೆ ಸಾಕು. ಅವರ ಅಂದಾಜು ತಪ್ಪಿದ್ದು ಕಡಿಮೆ.

ಮೇಲೆ ಬೇರೆ ಸಿದ್ಧತೆ ನಡೆದಿರುತ್ತದೆ. ಈಜುಕೊಳ ಖಾಲಿ ಮಾಡುತ್ತಾರೆ, ಹೊರಗಿನ ಡೆಕ್ ಮುಚ್ಚುತ್ತಾರೆ. ಡಾನ್ಸ್ ಕಾರ್ಯಕ್ರಮ ರದ್ದು, ಏಕೆಂದರೆ ಹಾರಿದವರು ಇಳಿಯುವಾಗ ನೆಲ ಹಾರಿದ ಜಾಗದಲ್ಲಿ ಇರುವುದಿಲ್ಲ. ಮೆಟ್ಟಿಲಿನ ಕಂಬಿಗಳಿಗೆ ಕಾಗದದ ಚೀಲ ಸಿಕ್ಕಿಸಿಟ್ಟಿರುತ್ತಾರೆ. ರಿಸೆಪ್ಷನ್‌ನಲ್ಲಿ ಹಸಿರು ಸೇಬು, ಶುಂಠಿ, ಉಪ್ಪು ಬಿಸ್ಕತ್ತು.

ಈ ವಾಂತಿಯ ವಿಷಯ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ಆಗುವುದೇ ಅಲ್ಲೂ ಆಗುವುದು. ಒಳಗಿವಿ ಅಲುಗಾಡ್ತಿದೆ ಅನ್ನುತ್ತದೆ, ಕಣ್ಣು ಇಲ್ಲ ಎಲ್ಲ ನಿಂತಿದೆ ಅನ್ನುತ್ತದೆ, ತಲೆ ಗೊಂದಲಕ್ಕೆ ಬಿದ್ದು ಹೊಟ್ಟೆ ತೊಳಸುತ್ತದೆ. ಡ್ರೈವರಿಗೆ ವಾಂತಿ ಬರುವುದಿಲ್ಲ, ಅವನು ಮುಂದಿನ ತಿರುವು ನೋಡುತ್ತಿರುತ್ತಾನೆ. ಹಡಗಿನಲ್ಲೂ ಅಷ್ಟೇ, ಮೊಬೈಲ್ ಒಳಗಿಟ್ಟು ದೂರದ ದಿಗಂತ ನೋಡಬೇಕು. ನಮ್ಮಲ್ಲಿ ಘಾಟಿಗೆ ನುಂಗುವ ಅವೋಮಿನ್ ಮಾತ್ರೆಯ ಮದ್ದೂ, ಹಡಗಿನ ಡಾಕ್ಟರು ತೀರಾ ಸುಸ್ತಾದವರಿಗೆ ಚುಚ್ಚುವ ಮದ್ದೂ ಒಂದೇ ಜಾತಿಯದು, ಪ್ರೊಮೆಥಜಿನ್. ಎರಡರಲ್ಲೂ ನಿದ್ದೆ ಗ್ಯಾರಂಟಿ. ಕ್ಯಾಬಿನ್ ಹಿಡಿಯುವಾಗ ಕೆಳಗಿನ ಡೆಕ್ಕಿನ ನಡುಭಾಗದಲ್ಲಿ ಹಿಡಿಯಿರಿ, ಅಲ್ಲಿ ಓಲಾಟ ಕಡಿಮೆ. ಮೇಲುಗಡೆ, ಮುಂಭಾಗದ ಬಾಲ್ಕನಿ ಕ್ಯಾಬಿನ್ನಿಗೆ ಜನ ದುಪ್ಪಟ್ಟು ದುಡ್ಡು ಕೊಟ್ಟು ದುಪ್ಪಟ್ಟು ಓಲಾಡುತ್ತಾರೆ.

ಅಷ್ಟು ಎತ್ತರದ ಹಡಗು ಮಗುಚುವುದಿಲ್ವಾ ಅನ್ನುವುದು ಓದಿದವರ ಪ್ರಶ್ನೆ. 2024ರಲ್ಲಿ ಓಡಲು ಶುರುವಾದ 'ಐಕಾನ್ ಆಫ್ ದಿ ಸೀಸ್' 365 ಮೀಟರ್ ಉದ್ದ, 20 ಡೆಕ್. ಇಂಥ ಹಡಗು ನೀರೊಳಗೆ ಇರುವುದು 9 ಮೀಟರಿನಷ್ಟು ಮಾತ್ರ. ನೋಡಿದರೆ ಭಯ ಆಗುವುದು ಸಹಜ. ಆದರೆ ಎಂಜಿನ್, ಇಂಧನ, ನೀರಿನ ಟ್ಯಾಂಕುಗಳು ಎಲ್ಲ ತಳದಲ್ಲಿವೆ. ಮೇಲಿನದ್ದು ಬಹುಪಾಲು ಟೊಳ್ಳು, ಬರೀ ಕೋಣೆಗಳು. ಅಗಲವೂ ಸಾಕಷ್ಟಿರುತ್ತದೆ. ಎರಡೂ ಪಕ್ಕದಲ್ಲಿ ನೀರೊಳಗೆ ಸ್ಟೆಬಿಲೈಸರ್ ಅನ್ನುವ ರೆಕ್ಕೆಗಳಿವೆ, ಅಡ್ಡ ಓಲಾಟವನ್ನು ಅವು ಚೆನ್ನಾಗಿ ತಡೆಯುತ್ತವೆ. ಮುಂದಕ್ಕೆ ಹಿಂದಕ್ಕೆ ತೂಗುವುದನ್ನು ತಡೆಯುವುದಿಲ್ಲ. ಹಡಗು ಓಡುತ್ತಿದ್ದರೆ ಮಾತ್ರ ಅವುಗಳಿಗೆ ಬಲ. ಅಲೆ ತೀರಾ ದೊಡ್ಡದಾದರೆ ಹಡಗು ನಿಧಾನ ಮಾಡಿ, ಮೂತಿಯನ್ನು ಅಲೆಗೆ ಎದುರು ಹಿಡಿದುಕೊಂಡು ಕಾಯುತ್ತದೆ. 2016ರ ಫೆಬ್ರವರಿಯಲ್ಲಿ 'ಆಂಥಮ್ ಆಫ್ ದಿ ಸೀಸ್' ಅಮೆರಿಕದ ಪೂರ್ವ ಕರಾವಳಿಯಾಚೆ ಚಳಿಗಾಲದ ಬಿರುಗಾಳಿಗೆ ಸಿಕ್ಕಿದಾಗ ಮಾಡಿದ್ದು ಇದನ್ನೇ. ಪ್ರಯಾಣಿಕರನ್ನು ಕ್ಯಾಬಿನ್ನಿನಲ್ಲೇ ಕೂರಿಸಿದ್ದರು. ಕುರ್ಚಿ ಮೇಜು ಉರುಳಾಡಿದವು, ಛಾವಣಿಯ ತುಂಡುಗಳು ಬಿದ್ದವು, ಕೆಲವರಿಗೆ ಸಣ್ಣಪುಟ್ಟ ಗಾಯ. ಹಡಗು ನ್ಯೂಜೆರ್ಸಿಗೆ ವಾಪಸ್ ಹೋಯಿತು.

ಹಾಗಾದರೆ ನಿಜವಾದ ಅಪಾಯ ಎಲ್ಲಿ? ಓಡಲು ಆಗದಿದ್ದಾಗ. 1998ರ ಅಕ್ಟೋಬರಿನಲ್ಲಿ 'ಫಾಂಟೋಮ್' ಅನ್ನುವ ಹಾಯಿ ಹಡಗು ಮಿಚ್ ಚಂಡಮಾರುತಕ್ಕೆ ಹೆದರಿ ಬೆಲೀಜ್‌ನಲ್ಲಿ ಪ್ರಯಾಣಿಕರನ್ನೆಲ್ಲ ಇಳಿಸಿತು. ಆಮೇಲೆ ತಪ್ಪಿಸಿಕೊಳ್ಳಲು ಹೊಂಡುರಾಸ್ ಕಡೆಗೆ ಹೋಯಿತು. ಹಡಗಿಗೆ ವೇಗ ಕಡಿಮೆ, ಮೂರು ಕಡೆಯೂ ನೆಲ. ಮಿಚ್ ಯಾರೂ ಎಣಿಸದ ಹಾಗೆ ದಕ್ಷಿಣಕ್ಕೆ ತಿರುಗಿತು. 31 ಜನ ಸಿಬ್ಬಂದಿ ಹಡಗಿನ ಸಮೇತ ಹೋದರು. 2015ರ ಅಕ್ಟೋಬರ್ 1ರಂದು 'ಎಲ್ ಫಾರೊ' ಅನ್ನುವ ಸರಕು ಹಡಗು ಹ್ವಾಕಿನ್ ಚಂಡಮಾರುತದಲ್ಲಿ 33 ಜನರ ಜೊತೆ ಮುಳುಗಿತು. ಕ್ಯಾಪ್ಟನ್ ನೋಡುತ್ತಿದ್ದ ಹವಾಮಾನದ ಮಾಹಿತಿ ಹಳೆಯದಾಗಿತ್ತು ಅಂತ ತನಿಖೆ ಹೇಳಿತು. 2019ರ ಮಾರ್ಚ್‌ನಲ್ಲಿ ನಾರ್ವೆಯ ಹತ್ತಿರ 'ವೈಕಿಂಗ್ ಸ್ಕೈ' ಕ್ರೂಸ್ ಹಡಗು ಬಿರುಗಾಳಿಯಲ್ಲಿದ್ದಾಗ ಎಂಜಿನ್‌ಗಳು ನಿಂತುಹೋದವು. ಎಂಜಿನ್ ಆಯಿಲ್ ಮಟ್ಟ ಕಡಿಮೆ ಇತ್ತು, ಓಲಾಟದಲ್ಲಿ ಪಂಪಿಗೆ ಆಯಿಲ್ ಸಿಗಲಿಲ್ಲ. ಹಡಗು ಬಂಡೆಗಳ ತೀರಾ ಹತ್ತಿರಕ್ಕೆ ತೇಲಿಹೋಯಿತು. ಒಳಗಿದ್ದ 1,373 ಜನರಲ್ಲಿ 479 ಜನರನ್ನು ಹೆಲಿಕಾಪ್ಟರಿನಲ್ಲಿ ಒಬ್ಬೊಬ್ಬರನ್ನಾಗಿ ಎತ್ತಿದರು. ಆಮೇಲೆ ಎಂಜಿನ್ ಮತ್ತೆ ಶುರುವಾಗಿ ಹಡಗು ಬಂದರು ಸೇರಿತು.

ನಮ್ಮ ಅರಬ್ಬಿ ಸಮುದ್ರದ್ದೇ ಉದಾಹರಣೆ ಬೇಕಾದರೆ 2021ರ ಮೇ ತಿಂಗಳ ತೌಕ್ತೆ. ನಮ್ಮ ಕಡೆಗೂ ಮಳೆ ಸುರಿಸಿ ಹೋಯಿತಲ್ಲ, ಅದೇ. ಮುಂಬೈ ಆಚೆ ತೈಲ ಬಾವಿಗಳ ಹತ್ತಿರ ಪಿ-305 ಅನ್ನುವ ಬಾರ್ಜ್ (ಚಪ್ಪಟೆ ತಳದ ದೊಡ್ಡ ದೋಣಿ) ಲಂಗರು ಕಿತ್ತು ತೇಲಿಹೋಗಿ ಮುಳುಗಿತು. ಮೇಲೆ 261 ಜನ ಇದ್ದರು, 70ಕ್ಕೂ ಹೆಚ್ಚು ಜನ ಸತ್ತರು. ಆ ಬಾರ್ಜಿಗೆ ಸ್ವಂತ ಎಂಜಿನ್ನೇ ಇರಲಿಲ್ಲ. ದೊಡ್ಡಮ್ಮ ಕೇಳಿದ ಪ್ರಶ್ನೆ ಸರಿಯಾಗಿ ಕೇಳಬೇಕಿದ್ದದ್ದು ಅದರ ಬಗ್ಗೆ.

ಇನ್ನು ಟಿಕೆಟ್ ಮಾಡಿಸಬೇಕು ಅಂತಿರುವವರಿಗೆ. ಸಾಗರದ ಕಡೆಯ ಒಬ್ಬರು ಮೇಷ್ಟ್ರು ಮಗನನ್ನು ನೋಡಲು ಅಮೆರಿಕಕ್ಕೆ ಹೋಗುವವರು, ಸೆಪ್ಟೆಂಬರಿನಲ್ಲಿ ಕ್ರೂಸ್ ಅಗ್ಗ ಇದೆ, ಹೋಗಬಹುದಾ ಅಂತ ಕೇಳಿದರು. "ಧಾರಾಳವಾಗಿ ಹೋಗಿ ಸಾರ್, ಅಗ್ಗ ಇರೋದೇ ಚಂಡಮಾರುತದ ಕಾಲ ಅಂತ" ಅಂದೆ. ಇನ್ಶೂರೆನ್ಸ್ ಟಿಕೆಟ್ ಜೊತೆಗೇ ಮಾಡಿಸಬೇಕು. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಮಾಡಿಸಿದರೆ ಆ ಚಂಡಮಾರುತಕ್ಕೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಹಡಗು ಹತ್ತುವ ಊರಿಗೆ ಒಂದು ದಿನ ಮೊದಲೇ ಹೋಗಿ ಉಳಿಯಿರಿ. ಇಳಿಯುವ ದಿನವೇ ವಿಮಾನ ಹಿಡಿಯುವ ಆತುರ ಬೇಡ, ಊರಲ್ಲಿ ಮರುದಿನವೇ ಗೃಹಪ್ರವೇಶ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ. ನಮ್ಮ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಹಲವು ಸಲ ಒಳಬರುವ ಥರದ್ದೇ ಆಗಿರಬೇಕು, ಹಡಗು ಒಮ್ಮೆ ದೇಶ ಬಿಟ್ಟು ಮತ್ತೆ ಒಳಗೆ ಬರುತ್ತದಲ್ಲ. ಬಿಪಿ, ಶುಗರ್ ಮಾತ್ರೆ ನಾಲ್ಕೈದು ದಿನಕ್ಕೆ ಜಾಸ್ತಿ ಇಟ್ಟುಕೊಳ್ಳಿ. ಹತ್ತಿದ ದಿನ ಮಸ್ಟರ್ ಡ್ರಿಲ್, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕು ಅನ್ನುವ ಅಭ್ಯಾಸ, ಮಾಡಿಸುತ್ತಾರೆ, ನಿಮ್ಮ ಲೈಫ್‌ಬೋಟಿನ ಜಾಗ ತೋರಿಸುತ್ತಾರೆ. ಹೆಚ್ಚಿನವರು ಆಗ ಫೋಟೋ ತೆಗೆಯುತ್ತಿರುತ್ತಾರೆ.

ಮೇಷ್ಟ್ರು ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡರು. ಆಮೇಲೆ ಪೆನ್ನು ಮುಚ್ಚುತ್ತಾ ಕೇಳಿದರು, "ಅದಿರಲಿ, ನಿಂಗೆ ಸಂಬಳ ಎಷ್ಟು ಕೊಡ್ತಿದ್ರು?"