‘ನಾಳೆಯಿಂದ ಮಾಡ್ತೀನಿ’ ಅನ್ನೋದನ್ನು ಬಿಡೋದು ಹೇಗೆ?

ನಾನು ಅಭ್ಯಾಸಗಳ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಬಹಳ ಜನ ಇದನ್ನೇ ಕೇಳುತ್ತಾರೆ: ‘ಏನು ಮಾಡಬೇಕು ಅಂತ ಚೆನ್ನಾಗಿ ಗೊತ್ತು. ಆದರೂ ನಾಳೆ, ನಾಳಿದ್ದು ಅಂತ ತಳ್ಳುತ್ತಲೇ ಇರ್ತೀನಿ. ನಾನು ಅಷ್ಟೊಂದು ಸೋಮಾರಿನಾ?’

ಖಂಡಿತ ಅಲ್ಲ. ಸೋಮಾರಿಗೆ ಬಾಕಿ ಕೆಲಸ ನೆನೆದು ನಿದ್ದೆ ಕೆಡುವುದಿಲ್ಲ. ನಿಮಗೆ ಕೆಡುತ್ತದೆ, ಅಲ್ವಾ? ಅರ್ಜಿ ತುಂಬಬೇಕಾದ ದಿನವೇ ಇಡೀ ಕಪಾಟು ಖಾಲಿ ಮಾಡಿ ಮತ್ತೆ ಜೋಡಿಸುತ್ತೀರಿ. ಅದೇನು ಕಡಿಮೆ ದುಡಿಮೆಯೇ? ನೀವು ತಪ್ಪಿಸಿಕೊಳ್ಳುತ್ತಿರುವುದು ದುಡಿಮೆಯಿಂದಲ್ಲ. ಆ ಅರ್ಜಿ ನೆನೆದಾಗ ಆಗುವ ಕಸಿವಿಸಿಯಿಂದ.

ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರೋಯಿಸ್ ಮತ್ತು ತಿಮೋತಿ ಪಿಚಿಲ್ 2013ರ ಒಂದು ಲೇಖನದಲ್ಲಿ ಇದನ್ನೇ ಹೇಳಿದರು. ಮುಂದೂಡುವುದರ ಬೇರು ಇರುವುದು ಸಮಯ ಹೊಂದಿಸಿಕೊಳ್ಳಲು ಬಾರದಿರುವುದರಲ್ಲಿ ಅಲ್ಲ, ಆ ಕ್ಷಣದ ಬೇಸರವನ್ನು ತಡೆಯಲು ಆಗದಿರುವುದರಲ್ಲಿ. ‘ಆಮೇಲೆ ಮಾಡೋಣ’ ಅಂದ ತಕ್ಷಣ ಮನಸ್ಸು ಹಗುರಾಗುತ್ತದೆ. ಆ ಹಗುರವೇ ಬಹುಮಾನ. ಮುಂದಿನ ಸಲ ಮನಸ್ಸು ಅದೇ ದಾರಿ ಹಿಡಿಯುತ್ತದೆ. ಹೀಗೆ ಮುಂದೂಡುವುದೇ ಅಭ್ಯಾಸವಾಗಿಬಿಡುತ್ತದೆ. ಎಷ್ಟು ಟೈಮ್‌ಟೇಬಲ್ ಬರೆದಿಟ್ಟರೂ ಸಾಲದು ಅಂತ ನಾನು ಹೇಳುವುದು ಇದಕ್ಕೇ.

ಹಾಗಾಗಿ ಮೊದಲು ಕೇಳಿಕೊಳ್ಳಿ: ಈ ಕೆಲಸದಲ್ಲಿ ನನ್ನನ್ನು ಕಾಡುತ್ತಿರುವುದು ಏನು? ಎಷ್ಟೋ ಸಲ ಉತ್ತರ ಸರಳವಾಗಿರುತ್ತದೆ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿರುವುದಿಲ್ಲ. ‘ರಿಪೋರ್ಟ್ ಮುಗಿಸಬೇಕು’ ಅನ್ನುವುದು ಒಂದು ಕೆಲಸವಲ್ಲ, ಹತ್ತಾರು ಕೆಲಸಗಳ ಗಂಟು. ‘ಫೈಲ್ ತೆರೆದು ಎರಡು ಸಾಲು ಬರೆಯಬೇಕು’ ಅನ್ನುವುದು ಒಂದು ಕೆಲಸ. ಅಷ್ಟನ್ನೇ ಮಾಡಿ. ಇನ್ನು ಕೆಲವರಿಗೆ ಚೆನ್ನಾಗಿ ಬರದಿದ್ದರೆ ಜನ ಏನಂದುಕೊಳ್ಳುತ್ತಾರೋ ಅನ್ನುವ ಭಯ. ಅವರು ಮೊದಲ ಸಲ ಯಾರಿಗೂ ತೋರಿಸದೆ, ಹೇಗೆ ಬಂದರೆ ಹಾಗೆ ಬರೆದುಬಿಡಬೇಕು. ತಿದ್ದುವುದಕ್ಕೆ ಕೈಯಲ್ಲಿ ಏನಾದರೂ ಇದ್ದರೆ ಭಯ ಅರ್ಧ ಇಳಿಯುತ್ತದೆ.

ಫೋನನ್ನು ಬೇರೆ ಕೋಣೆಯಲ್ಲಿಡಿ. ಇದಕ್ಕೆ ವಿವರಣೆ ಬೇಕಿಲ್ಲ.

ಇನ್ನು ದಿನಾ ಮಾಡಬೇಕಾದ ಕೆಲಸಗಳ ವಿಷಯ. ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೆ ಬಹಳ ಉಪಯೋಗದ ದಾರಿ ತೋರಿಸಿದ್ದಾರೆ. ‘ಜಾಸ್ತಿ ಓದಬೇಕು’ ಅಂತ ಸುಮ್ನೆ ಅಂದುಕೊಳ್ಳುವ ಬದಲು, ‘ರಾತ್ರಿ ಹಲ್ಲುಜ್ಜಿದ ಕೂಡಲೇ ಎರಡು ಪುಟ ಓದುತ್ತೇನೆ’ ಅಂತ ಮೊದಲೇ ಗಟ್ಟಿ ಮಾಡಿಕೊಳ್ಳುವುದು. ಆಗ ಓದಲೋ ಬೇಡವೋ ಎಂದು ದಣಿದ ಹೊತ್ತಿನಲ್ಲಿ ಯೋಚಿಸಬೇಕಾಗಿಲ್ಲ. ಹಲ್ಲುಜ್ಜುವುದೇ ನೆನಪಿನ ಗಂಟೆಯಾಗುತ್ತದೆ.

‘ಅಭ್ಯಾಸ ಆಗೋಕೆ 21 ದಿನ ಮಾಡಿದರೆ ಸಾಕಂತೆ?’ ಅಂತಲೂ ಕೇಳುತ್ತಾರೆ. ಈ ಅಂಕಿ ಎಷ್ಟು ಜನರ ಉತ್ಸಾಹ ಮುರಿದಿದೆಯೋ ಅಂತ ನನಗೆ ಬೇಸರವಾಗುತ್ತದೆ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್, ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂತ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ ‘ಕಡಿಮೆ ಅಂದರೂ’ ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದರು. ದಿನಾ ಒಂದು ಲೋಟ ನೀರು ಕುಡಿಯುವಂಥ ಸುಲಭದ್ದು ಬೇಗ ರೂಢಿಯಾಯಿತು. ವ್ಯಾಯಾಮ ಹೆಚ್ಚು ದಿನ ತೆಗೆದುಕೊಂಡಿತು. ಅವರ ಲೆಕ್ಕದಲ್ಲಿ ನಡುವಿನ ಅಂಕಿ 66 ದಿನ. ಕೆಲವರಿಗೆ 18 ದಿನವೇ ಸಾಕಾಯಿತು. ಇನ್ನು ಕೆಲವರಿಗೆ 254 ದಿನದವರೆಗೂ ಬೇಕಾಗಬಹುದು ಅಂತ, ಆ 12 ವಾರಗಳ ಬೆಳವಣಿಗೆ ನೋಡಿ ಅಂದಾಜು ಮಾಡಿದರು. ಹಾಗಾಗಿ 22ನೇ ದಿನವೂ ಕಷ್ಟ ಅನಿಸಿದರೆ ನಿಮ್ಮಲ್ಲಿ ಯಾವ ಕೊರತೆಯೂ ಇಲ್ಲ.

ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಇನ್ನೂ ಇಷ್ಟ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ನಿಜವಾದ ತೊಂದರೆ ಆಮೇಲೆ ನಾವು ನಮ್ಮನ್ನು ಬೈದುಕೊಳ್ಳುವುದರಲ್ಲಿದೆ ಅಂತ ನನ್ನ ನಂಬಿಕೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದವರಲ್ಲಿ, ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಯೋಚಿಸಿದರೆ ಇದು ಸಹಜವೇ. ಬೈದುಕೊಂಡಷ್ಟೂ ಆ ಕೆಲಸದ ಮೇಲೆ ಕಸಿವಿಸಿ ಜಾಸ್ತಿ. ಕಸಿವಿಸಿ ಜಾಸ್ತಿಯಾದಷ್ಟೂ ಅದರಿಂದ ದೂರ ಓಡುತ್ತೇವೆ. ತಪ್ಪಿದ್ದನ್ನು ಒಪ್ಪಿಕೊಂಡು, ಮರುದಿನ ಅದೇ ಹೊತ್ತಿಗೆ ಅದೇ ಎರಡು ಪುಟ ಓದಿ. ನಿನ್ನೆಯದನ್ನೂ ಸೇರಿಸಿ ನಾಲ್ಕು ಪುಟ ಬೇಡ.

ಒಂದು ವಿಷಯ ಮಾತ್ರ ಮರೆಯಬೇಡಿ. ತಿಂಗಳುಗಟ್ಟಲೆ ಯಾವ ಕೆಲಸಕ್ಕೂ ಕೈ ಹೋಗುತ್ತಿಲ್ಲ, ಮೊದಲು ಇಷ್ಟವಿದ್ದದ್ದೂ ಈಗ ಬೇಡ ಅನಿಸುತ್ತಿದೆ, ಅಥವಾ ಚಿಕ್ಕಂದಿನಿಂದಲೂ ಗಮನ ಒಂದೆಡೆ ನಿಲ್ಲುತ್ತಲೇ ಇಲ್ಲ ಅಂದರೆ, ಅದರ ಹಿಂದೆ ಖಿನ್ನತೆಯೋ ಎಡಿಎಚ್‌ಡಿ ಎಂಬ ಗಮನಕ್ಕೆ ಸಂಬಂಧಿಸಿದ ತೊಂದರೆಯೋ ಇರಬಹುದು. ಎರಡಕ್ಕೂ ಚಿಕಿತ್ಸೆ ಇದೆ. ಆಗ ಈ ಉಪಾಯಗಳ ಜೊತೆ ಒದ್ದಾಡುತ್ತಾ ಕೂರಬೇಡಿ, ಮನೋವೈದ್ಯರನ್ನು ಕಾಣಿ.