ವಾಶಿ–ಮಾನ್‌ಖುರ್ದ್ ಲಿಂಕ್ ಅಪ್‌ಡೇಟ್: ಎರಡನೇ ಆಂಟೆನಾ ಏರಿಸಿದೆ

ಮುಂಬೈನ ಠಾಣೆ ಖಾಡಿ (ಸಮುದ್ರದ ನೀರು ಒಳನುಗ್ಗಿರೋ ಜಾಗ) ಆಚೆ ಮಾನ್‌ಖುರ್ದಲ್ಲಿ ಮಾವನ ಟೆರೇಸ್ ಮೇಲಿರೋ 5.8 ಗಿಗಾಹರ್ಟ್ಸ್ ಟ್ರಾನ್ಸ್‌ಮಿಟರು ಈಗ ವಾಶಿಲಿ ನಮ್ಮನೆಗೆ ಭರತ ಇರ್ಲಿ ಇಳಿತ ಇರ್ಲಿ ಒಂದೇ ಸಮ ಕೇಳ್ತಿದೆ, ತುಂಬಾ ಖುಷಿ ಆಗಿದೆ. ಮೊದ್ಲು ಮಳೆ ಇಲ್ಲ ಗಾಳಿ ಇಲ್ಲ, ಆದ್ರೂ ಸಿಗ್ನಲ್ ಮೆಲ್ಲಗೆ ಇಳಿದು ಪೂರ್ತಿ ಹೋಗಿ, ಆಮೇಲೆ ತಾನಾಗೇ ವಾಪಸ್ ಬರೋದು. ಸಿಗ್ನಲ್ ಏರಿಳಿತದ ಲಾಗನ್ನ ಭರತ-ಇಳಿತದ ಟೈಮ್‌ಟೇಬಲ್ ಪಕ್ಕ ಇಟ್ಟು ನೋಡಿದ್ರೆ ಎಲ್ಲಾ ಅಲ್ಲೇ ಇತ್ತು.

ದೂರ 3 ಕಿ.ಮೀ., ಇಳಿತದಲ್ಲಿ ನೀರಿಂದ ಆ ಕಡೆ ಎತ್ತರ 30 ಮೀಟರ್, ಈ ಕಡೆ 20. ನೀರಿಗೆ ಬಡಿದು ಬರೋ ಅಲೆ ನೇರ ಬರೋದಕ್ಕಿಂತ 40 ಸೆಂ.ಮೀ. ಜಾಸ್ತಿ ದಾರಿ ನಡೆಯುತ್ತೆ. ನೀರು 4 ಮೀಟರ್ ಏರಿದ್ರೆ ಅದು 28ಕ್ಕೆ ಇಳಿಯುತ್ತೆ. ತರಂಗಾಂತರ ಬರೀ 5.2 ಸೆಂ.ಮೀ., ಅಂದ್ರೆ ಒಂದು ಭರತ ಏರೋದ್ರೊಳಗೆ ಎರಡು ಅಲೆ ಒಂದನ್ನೊಂದು ಹೊಡೆದುಹಾಕೋ ಜಾಗ ಎರಡು ಸಲ ಬಂದು ಹೋಗುತ್ತೆ. ಇಲ್ಲಿ ಈಕ್ವಲೈಸರ್ (ತಡವಾಗಿ ಬಂದ ಅಲೆಯ ಕಲಬೆರಕೆನ ಸರಿಪಡಿಸೋ ಲೆಕ್ಕ) ಕೆಲಸಕ್ಕೆ ಬರಲ್ಲ. ತಡ 1.3 ನ್ಯಾನೋಸೆಕೆಂಡ್, ನನ್ನ ಒಂದು ಸಿಂಬಲ್ (ಒಂದು ಸಲಕ್ಕೆ ಕಳಿಸೋ ಡೇಟಾದ ತುಣುಕು) 1 ಮೈಕ್ರೋಸೆಕೆಂಡ್, ಹಾಗಾಗಿ ಚಾನೆಲ್ಲಿನ ಎಲ್ಲಾ ಫ್ರೀಕ್ವೆನ್ಸಿನೂ ಒಟ್ಟಿಗೆ ಕುಸಿಯುತ್ತೆ.

ಅದಕ್ಕೇ ನಮ್ಮನೆ ಮೇಲೆ ಎರಡನೇ ಡಿಶ್ಶು, ಅದೂ ಪಕ್ಕದಲ್ಲಲ್ಲ, ಅದೇ ಪೈಪಲ್ಲಿ ಮೇಲೆ. ಎರಡು ಡಿಶ್ಶಿನ ನಡುವೆ ಎಷ್ಟು ಅಂತರ ಬೇಕು ಅಂದ್ರೆ, ತರಂಗಾಂತರ ಗುಣಿಸು ದೂರ, ಭಾಗಿಸು ಆ ಕಡೆ ಎತ್ತರದ ನಾಲ್ಕು ಪಟ್ಟು: ಇಳಿತಕ್ಕೆ 1.3 ಮೀಟರ್, ಭರತಕ್ಕೆ 1.5. ನಾನು 1.4 ಇಟ್ಟೆ. ಈಗ ಕೆಳಗಿನದ್ರ ಸಿಗ್ನಲ್ ಕುಸಿದಾಗ ಮೇಲಿನದು ಫುಲ್ ಇರುತ್ತೆ, ಸ್ಕ್ರೀನಲ್ಲಿ ಎರಡು ಗೆರೆ ತಕ್ಕಡಿ ಥರ ಏರಿಳಿಯೋದು ನೋಡ್ತಾ ಕೂತ್ರೆ ಏಳೋಕೇ ಮನಸ್ಸಾಗಲ್ಲ.

ಜಾಸ್ತಿ ಇರೋ ಕಡೆ ಸ್ವಿಚ್ ಮಾಡಿದ್ರೆ ಸಾಲದಾ ಅಂತ ಕೇಳ್ಬಹುದು. ಸ್ವಿಚ್ ಆದ ಕ್ಷಣ ಫೇಸ್ (ಅಲೆಯ ಹಂತ) ಜಿಗಿಯುತ್ತೆ, ಫೇಸಲ್ಲೇ ಡೇಟಾ ಕಳಿಸೋ ಕ್ಯೂಪಿಎಸ್‌ಕೆ ಲಾಕ್ ತಪ್ಪಿ ಪ್ಯಾಕೆಟ್ ಹೋಗುತ್ತೆ. ಅದ್ರ ಬದ್ಲು ಪ್ಯಾಕೆಟ್ ಶುರುವಲ್ಲಿ ಬರೋ ಮೊದ್ಲೇ ಗೊತ್ತಿರೋ ಗುರುತು, ಅಂದ್ರೆ ಪ್ರೀಆಂಬಲ್‌ನಿಂದ ಎರಡರ ಫೇಸೂ ಅಳೆದು, ತಿರುಗಿಸಿ ಒಂದೇ ದಿಕ್ಕಿಗೆ ತಂದು, ಜೋರಿರೋದಕ್ಕೆ ಜಾಸ್ತಿ ತೂಕ ಕೊಟ್ಟು ಕೂಡಿಸ್ತೀನಿ. ಎರಡೂ ಸಮ ಇದ್ರೆ 3 ಡಿಬಿ (ಅಂದ್ರೆ ಎರಡು ಪಟ್ಟು) ಲಾಭ, ಒಂದು ಸತ್ತಿದ್ರೆ ಅದ್ರ ಗದ್ದಲ ಒಳಗೆ ಬರೋದೇ ಇಲ್ಲ. ಆದ್ರೆ ಎರಡೂ ರಿಸೀವರಿಗೆ ಲೋಕಲ್ ಆಸಿಲೇಟರ್ (ಸಿಗ್ನಲ್ ಫ್ರೀಕ್ವೆನ್ಸಿ ಇಳಿಸೋಕೆ ಒಳಗೇ ಅಲೆ ಹುಟ್ಟಿಸೋ ಭಾಗ) ಒಂದೇ ಇರ್ಬೇಕು, ಎಡಿ9361 ಅನ್ನೋ ರೇಡಿಯೋ ಚಿಪ್ಪಲ್ಲಿ ಎರಡು ಚಾನೆಲ್ ಹಾಗೇ ಇರೋದ್ರಿಂದ ಅದನ್ನೇ ತಗೊಂಡಿದ್ದು.

ಈಗಿನ ತೂಕದ ಲೆಕ್ಕ ಎರಡೂ ಕಡೆ ಗದ್ದಲ ಸಮ ಅಂತ ಹಿಡಿದು ಮಾಡಿದ್ದು. ಮೇಲಿನ ಡಿಶ್ಶಿಗೆ ಅಕ್ಕಪಕ್ಕದ ಬಿಲ್ಡಿಂಗ್ ವೈಫೈ ಜಾಸ್ತಿ ಬಡಿಯುತ್ತೆ, ಅದಕ್ಕೆ ಪ್ರತಿ ಪ್ಯಾಕೆಟ್ಟಿಗೂ ಗದ್ದಲ ಬೇರೆ ಬೇರೆ ಅಳೆಯೋ ಕೋಡ್ ಬರೀತಿದ್ದೀನಿ.